ಜಗಲಿಯ ಮೇಲಿನ ಚಕ್ಕೋತ

“ಹತ್ತಿರ ಬಾರೇ. ಇನ್ನೂ ಹತ್ತಿರ. ಆ ಕಾಳು ಕೇರೋದು ಆಮೇಲಾಗತ್ತೆ, ಮೊರ ಕೆಳಗಿಡು. ಈಗ ಗೋಡೆ ಮೇಲೆ ಕೈಯಿಟ್ಟು ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ. ನಿನ್ನ ಬೆಕ್ಕಿಗೂ ಹೇಳಕೂಡದು.”

ಸುದ್ದಿಯಜ್ಜಿ ದನಿ ತಗ್ಗಿಸಿ ಮಾತಾಡಿದಳು. ಅವಳು ದನಿ ತಗ್ಗಿಸಿದ್ದನ್ನು ಆ ಊರಲ್ಲಿ ಹುಟ್ಟಿದವರು ಯಾರೂ ಕೇಳಿರಲಿಲ್ಲ. ಅವಳು ಗುಟ್ಟು ಹೇಳಿದರೆ ಹೊಳೆಯಾಚೆ ಮೇಯುವ ಎಮ್ಮೆ ತಲೆ ಎತ್ತಿ ನೋಡುತ್ತಿತ್ತು. ಯಾರ ಮನೆಯ ಸೊಸೆ ಯಾರ ಮನೆಯ ಹಿತ್ತಿಲಲ್ಲಿ ನಿಂತಿದ್ದಳು, ಯಾರ ಗಂಡ ಯಾವ ಬೀದಿಗೆ ಸುತ್ತು ಹಾಕಿಕೊಂಡು ಹೋಗುತ್ತಾನೆ, ಯಾರ ಬಳೆ ಯಾರ ಕೈಯಲ್ಲಿದೆ, ಎಲ್ಲ ಅವಳ ಬಾಯಿಂದಲೇ ಊರಿಗೆ ತಿಳಿಯಬೇಕು. ಊರಿಗೆ ಹೋಗುವ ಮೊದಲು ಅದು ಈ ಗೋಡೆಯನ್ನು ದಾಟಬೇಕು. ಎದೆಯ ಮಟ್ಟದ ಮಣ್ಣಿನ ಗೋಡೆ. ಈಚೆ ಸುದ್ದಿಯಜ್ಜಿ, ಆಚೆ ಗೋಡೆಯಾಚೆಯವಳು. ಇಬ್ಬರ ಮೊಣಕೈ ಊರಿ ಊರಿ ಗೋಡೆಯ ನೆತ್ತಿಯಲ್ಲಿ ಎರಡು ಗುಳಿ ಬಿದ್ದಿದ್ದವು.

“ನನ್ನ ಕೈಲಿ ಆಣೆ ಹಾಕಿಸ್ಕೊಂಡು ಆಮೇಲೆ ನೀನೇ ಊರೆಲ್ಲ ಹೇಳ್ಕೊಂಡು ಬರ್ತೀಯ,” ಅಂದಳು ಗೋಡೆಯಾಚೆಯವಳು.

“ಇದು ಅಂಥದ್ದಲ್ಲ ಕಣೇ.”

“ನಿನಗೆ ಯಾವುದು ತಾನೇ ಅಂಥದ್ದು? ಹೋದ ಸಲ ಹೀಗೇ ಅಂದು ಶ್ಯಾನುಭೋಗರ ಹಲ್ಲಿನ ಸೆಟ್ಟಿನ ವಿಷಯ ಹೇಳ್ದೆ. ನಾನು ಹಿಂದಕ್ಕೆ ತಿರುಗೋದರೊಳಗೆ ಅವರ ಹಲ್ಲು ಊರಿನ ಬಾಯಲ್ಲಿತ್ತು.”

ಆದರೂ ಅವಳು ಗೋಡೆಯ ಮೇಲೆ ಕೈಯಿಟ್ಟಳು. ಸುದ್ದಿಯಜ್ಜಿ ಬಾಯಿ ತೆರೆದಳು. ಬಾಯಿ ಒಣಗಿತ್ತು. ಅದು ಯಾಕೆ ಒಣಗಿತ್ತು ಅನ್ನುವುದಕ್ಕೆ ಆ ಊರಿನ ಕತೆಯನ್ನೇ ಹೇಳಬೇಕು.

ಆ ಊರಿಗೆ ಒಂದು ಹೊಳೆ. ಹೊಳೆಗೆ ಒಂದು ಸೇತುವೆ. ಸೇತುವೆಯ ಈಚೆ ಒಂದು ಟೆಂಟು. ಟೆಂಟಿನಲ್ಲಿ ಒಂದೇ ಪಿಕ್ಚರು. ರೀಲಿನ ಡಬ್ಬಗಳನ್ನು ತಂದಿಳಿಸಿದ ಗಾಡಿ ಅದನ್ನು ವಾಪಸು ಒಯ್ಯಲು ಬರಲೇ ಇಲ್ಲ. ಅವತ್ತಿನಿಂದ ದಿನಾ ಸಂಜೆ ಅದೇ ಪಿಕ್ಚರು. ಕತ್ತಲೆ ಕೋಣೆಯಲ್ಲಿ ಕುರ್ಚಿಯ ಮೇಲೆ ನಮಗೆ ಬೆನ್ನು ಹಾಕಿ ಕೂತ ಒಬ್ಬ ದಣಿ, ಅವನ ಮುಂದೆ ಕೈ ಕಟ್ಟಿ ನಿಂತ ಆಳುಗಳು, ಊರನ್ನು ಹಂಚಿಕೊಂಡ ರೌಡಿಗಳು. ಆಡಿಸಿ ಆಡಿಸಿ ರೀಲು ಸವೆಯಿತು. ಮೊದಲು ಹಾಡು ಹೋಯಿತು, ಆಮೇಲೆ ಮಾತು ಹೋಯಿತು, ಉಳಿದದ್ದು ಬರೀ ಚಿತ್ರ. ಮಾತು ಹೋದ ಮೇಲೆ ಜನ ಏನು ಮಾಡಬೇಕು? ಗುರುತು ಹಿಡಿಯಲು ಕಲಿತರು.

ತೆರೆಯ ಮೇಲೆ ಒಂದು ಚಕ್ಕೋತ ಹಣ್ಣು ಉರುಳಿಕೊಂಡು ಬಂದರೆ, ಅದರ ಹಿಂದೆಯೇ ಆಳೊಬ್ಬ ಉರುಳುತ್ತಿದ್ದ. ಯಾರಾದರೂ ಕಪ್ಪು ಕೊಡೆ ಬಿಚ್ಚಿದರೆ, ಬಿಚ್ಚಿದವನು ಗೆಳೆಯನ ಬೆನ್ನಿಗೆ ಚೂರಿ ಹಾಕುತ್ತಿದ್ದ. ಯಾರಾದರೂ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರೆ, ಅವನಿಗೆ ಮದ ಬಂತು, ಇನ್ನು ಅವನ ಕುರ್ಚಿ ಹೋಯಿತು ಅಂತಲೇ ಲೆಕ್ಕ. ಚಕ್ಕೋತ, ಕೊಡೆ, ಬಾಚಣಿಗೆ. ದಿನಾ ಸಂಜೆ ನೋಡಿದರು. ನೋಡಿ ನೋಡಿ ನಂಬಿದರು.

ತೆರೆಯ ಮೇಲೆ ನಿಜವಾದದ್ದು ಬೀದಿಯಲ್ಲೂ ನಿಜ ಅನ್ನುವುದು ಆ ಊರಿನ ಕಟ್ಟಳೆ. ಮಳೆಗಾಲದಲ್ಲಿ ಅಲ್ಲಿ ಯಾರೂ ಕೊಡೆ ಹಿಡಿಯರು, ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದು ನಡೆಯುತ್ತಾರೆ. ಗಂಡಸರು ಯಾರೂ ಕನ್ನಡಿ ನೋಡಿ ತಲೆ ಬಾಚರು. ಮದುವೆಗಂಡಿನ ತಲೆಯೂ ಕಾಗೆಗೂಡಿನ ಹಾಗಿರುತ್ತದೆ, ಹೆಣ್ಣಿನ ಕಡೆಯವರು ಅದನ್ನು ನೋಡಿ ‘ಪಾಪ, ಸಾಧು ಹುಡುಗ’ ಅನ್ನುತ್ತಾರೆ.

ಇನ್ನು ಚಕ್ಕೋತ. ಅದಕ್ಕೆ ಅಂತಲೇ ಆ ಊರಿಗೊಬ್ಬ ದಣಿಯಿದ್ದ. ಬೀದಿಯ ಕೊನೆಯ ಮನೆ, ಅರ್ಧ ತೆರೆದ ಬಾಗಿಲು, ಬಾಗಿಲಲ್ಲಿ ಒಬ್ಬ ಬಾಗಿಲವನು, ಒಳಗೆ ಕತ್ತಲೆ, ಕತ್ತಲೆಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಬೆನ್ನು. ದಣಿಯ ಬೆನ್ನನ್ನು ಎಲ್ಲರೂ ನೋಡಿದ್ದರು, ಕುರ್ಚಿಯಲ್ಲಿ ಕೂತ ಮೇಲೆ ಮುಖವನ್ನು ಯಾರೂ ನೋಡಿರಲಿಲ್ಲ, ಅವನು ಮೊದಲು ಯಾರಾಗಿದ್ದ ಅನ್ನುವುದೂ ಊರಿಗೆ ಮರೆತುಹೋಗಿತ್ತು. ಅವನು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತನ್ನ ಮಾತಿಗೆ ಎದುರಾಡಿದವರ ಜಗಲಿಯ ಮೇಲೆ ಬೆಳಕು ಹರಿಯುವ ಮುಂಚೆ ಒಂದು ಚಕ್ಕೋತ ಇಡಿಸುತ್ತಿದ್ದ. ಸಂಜೆಗೆ ಆ ಹಣ್ಣು ಯಾರ ಮನೆಯಲ್ಲಿದೆಯೋ ಸಾವು ಆ ಮನೆಯವರದು. ಅದನ್ನು ತಿರುಗಿ ಕಳಿಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಕತ್ತಲಾಗುವುದರೊಳಗೆ ಆ ಮನೆಯವರು ಗಂಟುಮೂಟೆ ಕಟ್ಟಿ ಸೇತುವೆ ದಾಟುತ್ತಿದ್ದರು. ದಾಟಿದವರ ಸುದ್ದಿಯನ್ನು ಯಾರೂ ಕೇಳುತ್ತಿರಲಿಲ್ಲ. ದಾಟಿದರು ಅಂದರೆ ಸತ್ತರು ಅಂತಲೇ. ದಾಟಲು ಕಾಲಿಲ್ಲದವರು ಚಾಪೆ ಹಾಸಿ ಮಲಗಿ ನಿಜವಾಗಿಯೇ ಸಾಯುತ್ತಿದ್ದರು, ಹೆದರಿಕೆಯಿಂದ.

ಹಣ್ಣು ಬರುತ್ತಿತ್ತು. ಸಂಜೆಯಾಗುತ್ತಿತ್ತು. ಮನೆ ಖಾಲಿಯಾಗುತ್ತಿತ್ತು.

ಆ ಹಣ್ಣನ್ನು ಮೊದಲು ಕಾಣುವವಳು ಸುದ್ದಿಯಜ್ಜಿ. ಕೋಳಿಗಿಂತ ಮುಂಚೆ ಎದ್ದು, ಬಾಗಿಲಿಗೆ ನೀರು ಹಾಕುವ ನೆಪದಲ್ಲಿ ಬೀದಿಯ ಎರಡೂ ತುದಿಯನ್ನು ಕಣ್ಣಿನಲ್ಲೇ ಗುಡಿಸುತ್ತಿದ್ದಳು. ಕಂಡರೆ ಸಾಕು, ಚೊಂಬನ್ನು ಅಲ್ಲೇ ಬಿಟ್ಟು ಗೋಡೆಗೆ ಓಡುತ್ತಿದ್ದಳು. “ಏ ಇವಳೇ, ಕೇಳಿದ್ಯೇನೇ? ಗಾಣದವನ ಮನೆಗೆ ಬಂತು!” “ಏ ಇವಳೇ, ದರ್ಜಿ ಮನೆಗೆ!” ಗೋಡೆಯಾಚೆಯವಳು ಕೆನ್ನೆಗೆ ಕೈ ಹಚ್ಚಿ, “ಅಯ್ಯೋ ಶಿವನೇ, ಆಮೇಲೆ?” ಅನ್ನುತ್ತಿದ್ದಳು. ಆ ‘ಆಮೇಲೆ’ ಅನ್ನುವ ಮಾತನ್ನು ಅವಳ ಹಾಗೆ ಯಾರೂ ಅನ್ನಲಾರರು. ಅದನ್ನು ಕೇಳಿಸಿಕೊಳ್ಳಲೆಂದೇ ಸುದ್ದಿಯಜ್ಜಿ ಬದುಕಿದ್ದಳು ಅಂದರೂ ನಡೆದೀತು, ಅವಳು ಅದನ್ನು ಒಪ್ಪುವುದಿಲ್ಲ ಅಷ್ಟೆ.

ಗೋಡೆಯಾಚೆಯವಳದ್ದೂ ಒಂದು ಚಾಳಿಯಿತ್ತು. ದಿನಾ ಇಳಿಹೊತ್ತಿಗೆ ಉಪ್ಪು, ಒಣಮೆಣಸಿನಕಾಯಿ ಕುಟ್ಟಿ, ಒಂದು ಹಿತ್ತಾಳೆ ಬಟ್ಟಲಲ್ಲಿ ಹಾಕಿ, ಜಗಲಿಯ ಮೇಲಿಟ್ಟು, ಟೆಂಟಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕೇಳಿದರೆ “ಸೌತೆಕಾಯಿಗೆ” ಅನ್ನುತ್ತಿದ್ದಳು. ಸೌತೆಕಾಯಿ ಮಾತ್ರ ಯಾವತ್ತೂ ಬರಲಿಲ್ಲ. ಗಂಡ ಅನ್ನಿಸಿಕೊಂಡವನು ಯಾವಾಗಲೋ ತೀರಿಹೋಗಿದ್ದ, ಅವನಿದ್ದಾಗಲೂ ಬಟ್ಟಲು ಹೀಗೇ ಇರುತ್ತಿತ್ತು. “ಯಾರಿಗೆ ಕಾಯ್ತಾಳೋ ಯಾರಿಗೆ ಗೊತ್ತು,” ಅಂತ ಸುದ್ದಿಯಜ್ಜಿ ಊರಿಗೆಲ್ಲ ಹೇಳಿದ್ದಳು, ಮೂಗಿನ ಮೇಲೆ ಬೆರಳಿಟ್ಟು.

ಹೀಗಿರುವಾಗ ಒಂದು ಬೆಳಗಿನ ಜಾವ ಸುದ್ದಿಯಜ್ಜಿ ಚೊಂಬು ಹಿಡಿದು ಹೊರಗೆ ಬಂದಳು. ಬೀದಿಯ ಆ ತುದಿ ನೋಡಿದಳು, ಏನೂ ಇಲ್ಲ. ಈ ತುದಿ ನೋಡಿದಳು, ಏನೂ ಇಲ್ಲ. ಪಕ್ಕಕ್ಕೆ ನೋಡಿದಳು. ಗೋಡೆಯಾಚೆಯವಳ ಜಗಲಿಯ ಮೇಲೆ, ಹಿತ್ತಾಳೆ ಬಟ್ಟಲಿನ ಪಕ್ಕದಲ್ಲಿ, ಮಗುವಿನ ತಲೆಯಷ್ಟು ದೊಡ್ಡ ಚಕ್ಕೋತ.

ಸುಳ್ಳು ಹೇಳಬಾರದು, ಮೊದಲು ಅವಳಿಗೆ ಆದದ್ದು ಸಂತೋಷವೇ. ಎಂಥ ಸುದ್ದಿ! ಚೊಂಬು ಬಿಟ್ಟಳು, ಗೋಡೆಗೆ ಓಡಿದಳು, ಸವೆದ ಗುಳಿಯಲ್ಲಿ ಮೊಣಕೈ ಊರಿದಳು, “ಏ ಇವಳೇ, ಕೇಳಿದ್ಯೇ...” ಅಂದಳು. ಅಲ್ಲಿಗೆ ನಿಲ್ಲಿಸಿದಳು. ಸುದ್ದಿ ಇದೆ, ಹೇಳುವುದು ಯಾರಿಗೆ? ಇದನ್ನು ಕೇಳಿ ‘ಆಮೇಲೆ’ ಅನ್ನಬೇಕಾದವಳು ಯಾರೋ ಅವಳೇ ಸುದ್ದಿ. ಸಂಜೆಯಾಗುತ್ತದೆ. ಮನೆ ಖಾಲಿಯಾಗುತ್ತದೆ. ನಾಳೆ ಯಾರ ಮನೆಗೆ ಹಣ್ಣು ಬಂದರೇನು, ಯಾವ ಸೊಸೆ ಯಾರ ಹಿತ್ತಿಲಲ್ಲಿ ನಿಂತರೇನು, ಗೋಡೆಯ ಆ ಕಡೆಯ ಗುಳಿಯಲ್ಲಿ ಮಳೆನೀರು ನಿಲ್ಲುತ್ತದೆ.

ಒಳಗಿನಿಂದ ದನಿ ಬಂತು. “ಏನೇ ಅದು, ಬೆಳಗಾಗೋದಕ್ಕಿಲ್ಲ?”

“ಏನಿಲ್ಲ, ಮಲಕ್ಕೋ. ಕೆಮ್ಮು ಬಂತು.”

ಸುದ್ದಿಯಜ್ಜಿ ಗೋಡೆ ಸುತ್ತಿಕೊಂಡು ಹೋಗಿ ಹಣ್ಣನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ಯಾಕೋ ಏನೋ, ಪಕ್ಕದಲ್ಲಿದ್ದ ಬಟ್ಟಲನ್ನೂ ಎತ್ತಿಕೊಂಡಳು. ಬೀದಿಯಲ್ಲಿ ಹಾಲಿನವನು ಎದುರಾದ. ಅವಳ ಹೊಟ್ಟೆಯನ್ನು ನೋಡಿ ನಿಂತ.

“ಏನಜ್ಜೀ ಇದು, ಈ ವಯಸ್ಸಲ್ಲಿ?”

“ನಿಮ್ಮಪ್ಪನ್ನ ಕೇಳೋ, ಅವನಿಗೆ ಗೊತ್ತು,” ಅಂದು ಅವಳು ಮನೆಯೊಳಗೆ ಹೋಗಿ ಅಗಳಿ ಹಾಕಿದಳು. ಅವನು ಕ್ಯಾನು ಹೊತ್ತುಕೊಂಡು ಅಲ್ಲೇ ಬಹಳ ಹೊತ್ತು ಯೋಚಿಸುತ್ತ ನಿಂತಿದ್ದ.

ಈಗ ಹಣ್ಣನ್ನು ಏನು ಮಾಡುವುದು? ಬಚ್ಚಿಟ್ಟರೆ ಯಾರಿಗಾದರೂ ಕಾಣುತ್ತದೆ, ಕಂಡರೆ ಸಂಜೆಯೊಳಗೆ ದಣಿಯ ಕಡೆಯವರು ಅದನ್ನು ತಿರುಗಿ ಆ ಜಗಲಿಗೇ ತಂದಿಡುತ್ತಾರೆ. ಹೋಗದಿರಬೇಕಾದರೆ ಅದು ಇಲ್ಲವಾಗಬೇಕು. ಆ ಊರಲ್ಲಿ ಯಾರೂ ಮಾಡದ ಕೆಲಸವನ್ನು ಸುದ್ದಿಯಜ್ಜಿ ಮಾಡಿದಳು. ಈಳಿಗೆಮಣೆಯ ಮೇಲೆ ಕೂತು ಚಕ್ಕೋತದ ದಪ್ಪ ಸಿಪ್ಪೆಗೆ ಕಚ್ಚು ಹಾಕಿದಳು. ಬಿಳಿಯ ಬೆಂಡನ್ನು ಬಿಡಿಸಿದಳು. ತೊಳೆ ತೊಳೆಯಾಗಿ ಕಿತ್ತಳು. ನಸುಗೆಂಪು ತೊಳೆಗಳು. ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ಸಾವನ್ನು ಕಾದಳು. ಬಾಯಿ ತುಂಬ ರಸ ಒಡೆಯಿತು. ಇಷ್ಟು ರುಚಿಯಾಗಿರುತ್ತದೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಎರಡನೆಯದಕ್ಕೆ ಬಟ್ಟಲಿನ ಉಪ್ಪು ಖಾರ ಹಚ್ಚಿಕೊಂಡಳು. ಅಳುತ್ತ ತಿಂದಳು, ಚಪ್ಪರಿಸುತ್ತ ತಿಂದಳು, ಚಕ್ಕೋತ ಒಬ್ಬರು ತಿನ್ನುವ ಹಣ್ಣಲ್ಲ ಅಂತ ಗೊಣಗುತ್ತ ಕೊನೆಯ ತೊಳೆಯವರೆಗೂ ಒಬ್ಬಳೇ ತಿಂದಳು. ತಿಂದು ತೇಗಿದಳು. ಸಿಪ್ಪೆಯನ್ನು ಒಲೆಗೆ ಹಾಕಿದಳು. ಹೆಣಕ್ಕೆ ಉಡಿಸಲಿ ಅಂತ ಎತ್ತಿಟ್ಟಿದ್ದ ಸೀರೆಯನ್ನು ತಾನೇ ಉಟ್ಟುಕೊಂಡು ಚಾಪೆ ಹಾಸಿ, ತೆಂಕಲಿಗೆ ತಲೆಯಿಟ್ಟು ಮಲಗಿದಳು.

ಮಧ್ಯಾಹ್ನವಾಯಿತು. ಗೋಡೆಯ ಮೇಲಿನಿಂದ ಕೂಗು ಬಂತು.

“ಏನೇ, ಇವತ್ತು ಸದ್ದೇ ಇಲ್ಲ? ಸತ್ಯೇನೇ?”

“ಇನ್ನೂ ಇಲ್ಲ ಕಣೇ. ಇರು.”

“ಬೇಗ ಹೇಳು, ಸಾರಿಗೆ ಬೇಳೆ ಹಾಕ್ಬೇಕು. ನೀ ಸತ್ರೆ ಒಲೆ ಹಚ್ಚೋ ಹಾಗಿಲ್ಲ.”

“ಹಾಕು ಹಾಕು. ಸಂಜೇವರ್ಗೂ ಟೈಮಿದೆ.”

ಸಂಜೆಯಾಯಿತು. ಟೆಂಟಿನಲ್ಲಿ ಮಾತಿಲ್ಲದ ಪಿಕ್ಚರು ಶುರುವಾಯಿತು. ಸುದ್ದಿಯಜ್ಜಿ ಕೈ ಮುಗಿದು ಕಾದಳು. ಹಣ್ಣು ಬಂದಿತ್ತು, ಸಂಜೆಯಾಗಿತ್ತು, ಮನೆ ಮಾತ್ರ ಖಾಲಿಯಾಗಲಿಲ್ಲ. ಹೊಟ್ಟೆ ಖಾಲಿಯಾಗಿ ಹಸಿವಾಯಿತು. ಎದ್ದು ಮೊಸರನ್ನ ಕಲಸಿಕೊಂಡು ಉಂಡಳು. ಉಣ್ಣುತ್ತ ಉಣ್ಣುತ್ತ ಸಿಟ್ಟು ಬಂತು. ಗೆಳತಿಗಾಗಿ ಪ್ರಾಣ ಕೊಟ್ಟರೆ ತೆಗೆದುಕೊಳ್ಳುವವನೇ ಇಲ್ಲ ಅಂದರೆ ಏನರ್ಥ? ಹಣ್ಣು ಸುಳ್ಳಾದರೆ ಈವರೆಗೆ ತಾನು ಹೇಳಿದ ಸುದ್ದಿಗಳ ಗತಿ ಏನು?

ಬೆಳಗಾದದ್ದೇ ಬೀದಿಯ ಕೊನೆಯ ಮನೆಗೆ ಹೋದಳು.

“ಯಾರನ್ನ ನೋಡ್ಬೇಕು?” ಅಂದ ಬಾಗಿಲವನು.

“ಸಾಯಿಸೋರನ್ನ. ನಿನ್ನೆ ಸಾಯಬೇಕಿತ್ತು, ಸಾಯಲಿಲ್ಲ. ಯಾಕೆ ಅಂತ ಕೇಳ್ಬೇಕು. ಸರಿಯೋ.”

ಅವನು ತಡೆಯಬೇಕಿತ್ತು. ಆದರೆ ಇಂಥ ದೂರು ಹೊತ್ತು ಬಂದವರನ್ನು ಏನು ಮಾಡಬೇಕು ಅಂತ ಪಿಕ್ಚರಿನಲ್ಲಿ ಎಲ್ಲೂ ಇರಲಿಲ್ಲ. ಸರಿದು ನಿಂತ.

ಒಳಗೆ ಕತ್ತಲೆ. ಕತ್ತಲೆಯಲ್ಲಿ ಕುರ್ಚಿ. ಕುರ್ಚಿಯಲ್ಲಿ ಬೆನ್ನು. ಎಲ್ಲರೂ ಆ ಬೆನ್ನಿಗೆ ಕೈ ಮುಗಿದು, ಬೆನ್ನಿಗೆ ಮಾತಾಡಿ, ಬೆನ್ನಿಗೆ ನಮಸ್ಕಾರ ಹಾಕಿ ಹೋಗುವುದು ಪದ್ಧತಿ. ಸುದ್ದಿಯಜ್ಜಿಗೆ ಎದುರಿಗಿದ್ದವರ ಮುಖ ಕಾಣದಿದ್ದರೆ ಮಾತು ಹೊರಡದು. ಅವಳು ಕುರ್ಚಿಯನ್ನು ಸುತ್ತಿಕೊಂಡು ಮುಂದಕ್ಕೆ ಹೋಗಿ ನಿಂತಳು. ಹಾಗೆ ಸುತ್ತಬಾರದು ಅಂತ ಯಾರೂ ಹೇಳಿರಲಿಲ್ಲ, ಸುತ್ತಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿ ಕೂತಿದ್ದವನು ಒಬ್ಬ ಮುದುಕ. ಬಾಚದ ಬಿಳಿ ಕೂದಲು, ಮಂಜಾದ ಕಣ್ಣು, ಕಾಲ ಬಳಿ ಒಂದು ಬುಟ್ಟಿ ಚಕ್ಕೋತ.

“ದಣೀರೇ,” ಅಂದಳು. ಬಗ್ಗಿ ನೋಡಿದಳು. “ಅಯ್ಯೋ ನಿನ್ನ! ನೀನು ಟೆಂಟಲ್ಲಿ ರೀಲು ಬಿಡ್ತಿದ್ದೋನಲ್ವೇನೋ? ಚಡ್ಡಿ ಜಾರಿಸ್ಕೊಂಡು ಓಡಾಡ್ತಿದ್ದೆಯಲ್ಲೋ!”

“ಮೆಲ್ಲಗೆ ಮಾತಾಡಕ್ಕ,” ಅಂದ ದಣಿ. “ಬಾಗಿಲವನಿಗೆ ಕೇಳಿಸತ್ತೆ.”

“ಕೇಳಿಸ್ಲಿ. ನಾನು ನಿನ್ನ ಹಣ್ಣು ತಿಂದೆ, ಯಾಕೋ ಸಾಯಲಿಲ್ಲ ನಾನು?”

“ಯಾವ ಹಣ್ಣು?”

“ನನ್ನ ಪಕ್ಕದ್ಮನೆ ಜಗಲಿ ಮೇಲಿಂದು. ಅವಳು ಸಾಯೋದು ಬೇಡ ಅಂತ ನಾನು ತಿಂದೆ.”

ದಣಿ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. ಆಮೇಲೆ ಅವನು ಕೇಳಿದ್ದು ಒಂದೇ ಮಾತು. “ಸಿಹಿ ಇತ್ತಾ?”

“ಇತ್ತು. ಕೊನೇಲಿ ಸ್ವಲ್ಪ ಒಗರು.”

“ಅವಳು ಒಂದು ತೊಳೆನಾದ್ರೂ...?”

“ಇಲ್ಲ. ಅವಳಿಗೆ ಗೊತ್ತೇ ಇಲ್ಲ.”

ದಣಿಯ ಕಣ್ಣಲ್ಲಿ ನೀರು ಬಂತು. ಊರನ್ನೆಲ್ಲ ನಡುಗಿಸುವವನ ಕಣ್ಣಲ್ಲಿ ನೀರು! ಇಂಥದ್ದನ್ನು ನೋಡಿ ಹೊರಗೆ ಹೋಗಿ ಹೇಳದೆ ಇರುವುದು ಹೇಗೆ ಅಂತ ಸುದ್ದಿಯಜ್ಜಿಗೆ ಆಗಲೇ ಚಿಂತೆ ಶುರುವಾಯಿತು. ದಣಿ ನಿಧಾನವಾಗಿ ಹೇಳಿದ.

ಪಿಕ್ಚರು ಊರಿಗೆ ಬಂದ ಹೊಸದರಲ್ಲಿ ಅವನು ರೀಲು ಬಿಡುವವನು, ಗೋಡೆಯಾಚೆಯವಳು ಇನ್ನೂ ಲಂಗದ ಹುಡುಗಿ. ರೀಲು ಬದಲಾಯಿಸುವ ಹೊತ್ತಿನಲ್ಲಿ ಅವಳು ಟೆಂಟಿನ ಹಿಂದಕ್ಕೆ ಬರುತ್ತಿದ್ದಳು. ಹಣ್ಣು ಅವನದು, ಲಂಗದ ಅಂಚಿನಲ್ಲಿ ಗಂಟು ಕಟ್ಟಿ ತಂದ ಉಪ್ಪು ಖಾರ ಅವಳದು. ತೊಳೆ ಬಿಡಿಸಿ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. ಒಂದು ದಿನ ಅವಳು ಅಂದಳಂತೆ, “ನನ್ನನ್ನ ಕೇಳೋಕೆ ಬರೋದಾದ್ರೆ ಜಗಲಿ ಮೇಲೊಂದು ಹಣ್ಣಿಡು. ನಮ್ಮಪ್ಪನಿಗೆ ನಾನು ಹೇಳ್ತೀನಿ. ತೆರೆಗೆ ಬೆನ್ನು ಹಾಕಿ ನಿಂತ್ರೆ ಎಡಗಡೆ ಮನೆ.”

“ನಾನು ರೀಲು ಬಿಡೋನು ಅಕ್ಕ,” ಅಂದ ದಣಿ. “ನನಗೆ ಯಾವಾಗ್ಲೂ ತೆರೆ ಎದುರಿಗೇ. ತೆರೆ ಕಡೆ ಮುಖ ಮಾಡಿ ನಿಂತೆ, ಎಡಗಡೆಗೆ ಹೋದೆ, ಹಣ್ಣಿಟ್ಟೆ.”

“ಅದು ಗಾಣದವನ ಮನೆ!”

“ಅವನು ಹಿಂದಿನ ದಿನ ನನ್ನ ಜೊತೆ ಜಗಳ ಆಡಿದ್ದ. ಪಿಕ್ಚರು ನೋಡಿದ್ದ. ಬೆಳಿಗ್ಗೆ ಹಣ್ಣು ನೋಡಿದ. ಸಂಜೆಗೆ ಗಾಣ ಬಿಟ್ಟು ಸೇತುವೆ ದಾಟಿದ. ನಾನು ಬೀದೀಲಿ ಬಂದ್ರೆ ಜನ ಪಕ್ಕಕ್ಕೆ ಸರಿದ್ರು. ಯಾರೋ ಕುರ್ಚಿ ತಂದು ಹಾಕಿದ್ರು. ಕೂತೆ. ಅವಳಪ್ಪ ನನ್ನ ಹೆಸರು ಕೇಳಿದ್ರೆ ನಡುಗೋಕೆ ಶುರುಮಾಡಿ, ಸಿಕ್ಕಿದವನನ್ನ ಮನೆ ಅಳಿಯ ಮಾಡ್ಕೊಂಡು ಅವಳನ್ನ ಕೊಟ್ಟುಬಿಟ್ಟ. ಎದ್ದು ಹೋಗಿ, ಇಲ್ಲಪ್ಪ, ಅದು ಹೆದರಿಸೋ ಹಣ್ಣಲ್ಲ ಅನ್ನೋಣ ಅಂದ್ರೆ, ಊರೆಲ್ಲ ನಗತ್ತಲ್ಲ ಅಂತ ನಾಚಿಕೆ. ಆಮೇಲಿನ ಹಣ್ಣುಗಳನ್ನ ಬೇಕು ಅಂತಲೇ ಕಳಿಸಿದೆ. ಅದು ನನ್ನ ಪಾಪ, ಅದನ್ನ ಯಾರ ಮೇಲೂ ಹೇರಲ್ಲ. ಆದ್ರೂ ಒಂದು ಮಾತು. ಈ ಕುರ್ಚಿಗೆ ನಾಲ್ಕು ಕಾಲಿದೆ ಅಂದ್ರೆ ಅದರಲ್ಲಿ ಮೂರು ನಿನ್ನ ನಾಲಿಗೆ ಅಕ್ಕ.”

ಸುದ್ದಿಯಜ್ಜಿ ಇದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಳು.

“ಈಗ ಕಣ್ಣು ಹೋಗ್ತಾ ಇದೆ,” ಅಂದ ದಣಿ. “ಪೂರ್ತಿ ಹೋಗೋಕೆ ಮುಂಚೆ ಒಂದು ಸಲ ಕೇಳೋಣ ಅನ್ನಿಸ್ತು. ಕೇಳೋಕೆ ನನ್ನ ಹತ್ರ ಬೇರೆ ಏನಿದೆ? ಇಷ್ಟು ವರ್ಷ ಹೆದರ್ಸಿದ್ದೂ ಇದೇ ಹಣ್ಣಲ್ಲಿ, ಪ್ರೀತಿ ಹೇಳೋದೂ ಇದೇ ಹಣ್ಣಲ್ಲಿ. ಈ ಸಲ ತೆರೆಗೆ ಬೆನ್ನು ಹಾಕಿ ಎಡಗಡೆ ಅಂತ ಬಾಗಿಲವನಿಗೆ ಬಿಡಿಸಿ ಬಿಡಿಸಿ ಹೇಳಿ ಕಳಿಸಿದ್ದೆ.” ಅವನು ಬುಟ್ಟಿಯನ್ನು ಕಾಲಿನಿಂದ ದೂರ ತಳ್ಳಿದ. “ಹೋಗ್ಲಿ ಬಿಡು. ಅವಳಿಗೆ ಹೇಳ್ಬೇಡ. ಅವಳಿಗೂ ಇದು ಸಾವಿನ ಹಣ್ಣೇ ಆಗಿದ್ರೆ? ಇನ್ನೊಂದು ಕಳಿಸೋ ಧೈರ್ಯ ನನಗಿಲ್ಲ.”

ಸುದ್ದಿಯಜ್ಜಿ ಅರ್ಧ ತೆರೆದ ಬಾಗಿಲಿನಿಂದ ಹೊರಗೆ ಬಂದಳು. ಅಷ್ಟು ದೊಡ್ಡ ಸುದ್ದಿ ಅವಳ ಹೊಟ್ಟೆಗೆ ಯಾವತ್ತೂ ಬಿದ್ದಿರಲಿಲ್ಲ. ಬೀದಿಯಲ್ಲಿ ಹಾರಿಕೊಂಡೇ ಬಂದಳು, ಗೋಡೆ ಕಂಡಿತು, ನಿಂತುಬಿಟ್ಟಳು.

ಹೇಳಿದರೆ ಅವಳು ಹೋಗುತ್ತಾಳೆ. ಲಂಗದ ಗಂಟಿನಲ್ಲಿ ಉಪ್ಪು ಖಾರ ಕಟ್ಟಿಕೊಂಡು ಹೋಗುತ್ತಿದ್ದವಳು ಈಗ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಬೀದಿಯ ಕೊನೆಯ ಮನೆಗೆ. ಹಣ್ಣು ಬಂತು, ಸಂಜೆಯಾಯಿತು, ಮನೆ ಖಾಲಿಯಾಯಿತು. ಸಾವು ಬಂದರೂ ಅಷ್ಟೇ, ಮದುವೆ ಬಂದರೂ ಅಷ್ಟೇ. ಗೋಡೆಗೆ ಗೊತ್ತಾಗುವುದು ಆ ಕಡೆಯ ಗುಳಿ ಬರಿದಾದದ್ದು ಮಾತ್ರ. ಸಾವಿನಿಂದಲಾದರೆ ಅವಳನ್ನು ಉಳಿಸಿಕೊಳ್ಳಬಹುದು, ಹಣ್ಣು ತಿಂದರಾಯಿತು. ಪ್ರೀತಿಯಿಂದ ಹೇಗೆ ಉಳಿಸಿಕೊಳ್ಳುವುದು?

ಹುಟ್ಟಿದಾಗಿನಿಂದ ಮೊದಲ ಸಲ ಸುದ್ದಿಯಜ್ಜಿ ಬಾಯಿ ಮುಚ್ಚಿಕೊಂಡಳು.

ಬಾಯಿ ಮುಚ್ಚಿ ಅಭ್ಯಾಸವಿಲ್ಲದವರಿಗೆ ಅದು ಜ್ವರವಿದ್ದ ಹಾಗೆ. ಅನ್ನ ರುಚಿಸಲಿಲ್ಲ. ಒರಳುಕಲ್ಲಿಗೆ ಹೇಳಿ ನೋಡಿದಳು, ಅದು ‘ಆಮೇಲೆ’ ಅನ್ನಲಿಲ್ಲ. ಗೋಡೆಯಾಚೆಯವಳು ಗಂಜಿ ಕಾಯಿಸಿ ಗೋಡೆಯ ಮೇಲಿನಿಂದ ಕೊಟ್ಟಳು. “ಏನಾಗಿದ್ಯೇ ನಿನಗೆ? ಬೈಯೋದೂ ಬಿಟ್ಟಿದ್ದೀಯ. ನೋಡೋಕಾಗಲ್ಲ,” ಅಂದಳು. ಸುದ್ದಿಯಜ್ಜಿ ಗಂಜಿ ಕುಡಿದು ಪಾತ್ರೆ ವಾಪಸು ಕೊಟ್ಟಳು.

ಒಂದು ಇಳಿಹೊತ್ತಿನಲ್ಲಿ ಕುಟ್ಟಾಣಿಯ ಸದ್ದು ಕೇಳಿ ಗೋಡೆಯ ಮೇಲಿನಿಂದ ಇಣುಕಿದಳು. ಗೋಡೆಯಾಚೆಯವಳು ಉಪ್ಪು ಖಾರ ಕುಟ್ಟುತ್ತಿದ್ದಳು. ಹಿತ್ತಾಳೆ ಬಟ್ಟಲು ಕಳೆದುಹೋಗಿತ್ತಲ್ಲ, ಒಂದು ತೆಂಗಿನ ಕರಟಕ್ಕೆ ಹಾಕಿದಳು. ಕರಟವನ್ನು ಜಗಲಿಯ ಮೇಲೆ ಅದೇ ಜಾಗದಲ್ಲಿಟ್ಟಳು. ಸೆರಗು ಸರಿಮಾಡಿಕೊಂಡು ಟೆಂಟಿಗೆ ಬೆನ್ನು ಹಾಕಿ ಕೂತಳು. ಹಾಗೆ ಕೂತರೆ ಅವಳ ಮನೆ ಎಡಗಡೆಗೆ ಬರುತ್ತದೆ ಅನ್ನುವುದನ್ನು ಸುದ್ದಿಯಜ್ಜಿ ಆಗ ನೋಡಿದಳು. ದಿನಾ ಕಾಣುತ್ತಿದ್ದದ್ದೇ, ಅವತ್ತು ನೋಡಿದಳು. ದಾರಿ ತಪ್ಪಿದವನೊಬ್ಬನಿಗೆ ದಾರಿ ತೋರಿಸಲು ಒಬ್ಬ ಹೆಂಗಸು ತಾನೇ ಗುರುತಾಗಿ ಕೂತಿದ್ದಳು.

ಅವತ್ತು ಸುದ್ದಿಯಜ್ಜಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಬಂದಳು. ದನಿ ತಗ್ಗಿಸಿದಳು. ಆಣೆ ಹಾಕಿಸಿಕೊಂಡಳು. ಒಣಗಿದ ಬಾಯಿಯನ್ನು ಒಂದು ಸಲ ಚಪ್ಪರಿಸಿ, ಒಂದನ್ನೂ ಬಿಡದೆ, ಹಾಲಿನವನ ಅಪ್ಪನನ್ನೂ ಬಿಡದೆ, ಎಲ್ಲ ಹೇಳಿದಳು.

ಗೋಡೆಯಾಚೆಯವಳು ಒಂದು ಸಲವೂ ‘ಆಮೇಲೆ’ ಅನ್ನಲಿಲ್ಲ. ಹೇಳಿ ಮುಗಿದ ಮೇಲೆ ಮೊರವನ್ನು ಎತ್ತಿಕೊಂಡಳು, ಕಾಳಿನ ಕಡೆ ನೋಡದೆಯೇ ಎರಡು ಸಲ ಕೇರಿದಳು, ಕೆಳಗಿಟ್ಟಳು. ಸುದ್ದಿಯಜ್ಜಿ ಸೊಂಟದಿಂದ ಬಟ್ಟಲು ತೆಗೆದು ಗೋಡೆಯ ಮೇಲಿಟ್ಟಳು.

“ಇದು ಎಲ್ಲಿ ಹೋಯ್ತು ಅಂತ ನಾನು ಆವತ್ತಿಂದ ಬೆಕ್ಕಿಗೆ ಬೈತಿದೀನಲ್ಲೇ,” ಅಂದಳು ಗೋಡೆಯಾಚೆಯವಳು.

“ಹೋಗ್ತೀಯೇನೇ?”

“ಎಲ್ಲಿಗೆ?”

“ಆ ಮನೆಗೆ.”

“ನನಗೇನು ಹುಚ್ಚೇ? ಆ ಕತ್ತಲೇಲಿ ಕುರ್ಚಿ ಒಂದೇ ಇದೆ ಅಂತ ನೀನೇ ಅಂದೆ. ನಾನೇನು ನಿಂತಿರ್ಲಾ?” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಹೋಗಿ ಹೇಳು ಅವನಿಗೆ. ಬಾಗಿಲವನ ಕೈಲಿ ಕಳಿಸೋದಲ್ಲ, ತಾನೇ ಬರ್ಲಿ. ಹಗಲು ಹೊತ್ತು ಬರ್ಲಿ. ಕನ್ನಡಿ ನೋಡ್ಕೊಂಡು ತಲೆ ಬಾಚಿ ಬರ್ಲಿ. ಬಿಸಿಲಿದೆ, ಕೊಡೆ ಹಿಡ್ಕೊಂಡು ಬರ್ಲಿ. ಹಣ್ಣನ್ನ ಊರಿಗೆಲ್ಲ ಕಾಣೋ ಹಾಗೆ ಕೈಲಿ ಹಿಡ್ಕೊಂಡು ಬಂದು ಈ ಜಗಲಿ ಮೇಲೆ ಕೂತು ಸುಲೀಲಿ. ಸೇತುವೆ ದಾಟಿಸಿದಾನಲ್ಲ, ಅವರಿಗೂ ಹೇಳಿ ಕಳಿಸ್ಲಿ, ಬಂದು ನೋಡ್ಲಿ, ಬೇಕಾದ್ರೆ ನಾಲ್ಕು ಬಯ್ಲಿ. ಬಯ್ಯಿಸ್ಕೊಂಡ ಮೇಲೆ ತೊಳೆ ಕೊಡ್ತೀನಿ.”

“ಹಾಗೆ ಬಂದ್ರೆ ಅವನಿಗೆ ಯಾರು ಹೆದರ್ತಾರೆ? ಕುರ್ಚಿ ಹೋಯ್ತು ಅಂತಲೇ.”

“ಹೋಗ್ಲಿ. ಜಗಲಿ ಇದೆ.”

ಸುದ್ದಿಯಜ್ಜಿ ಗೋಡೆಯ ಗುಳಿಯಲ್ಲಿ ಮೊಣಕೈ ಊರಿದಳು. ಎದೆ ಹಗುರವಾಗಿತ್ತು, ನಾಲಿಗೆ ತುರಿಸುತ್ತಿತ್ತು. “ಊರಿಗೆ ಏನಂತ ಹೇಳ್ಲಿ?”

“ಎಲ್ಲಾ ಹೇಳು. ಆಣೆ ಮಾಡಿರೋಳು ನಾನು, ನೀನಲ್ಲ.”

“ಅವತ್ತು ನಾನೂ ಬಂದು ಜಗಲಿ ಮೇಲೆ ಕೂತ್ಕೋಬಹುದೇನೇ?”

ಗೋಡೆಯಾಚೆಯವಳು ಹಿತ್ತಾಳೆ ಬಟ್ಟಲನ್ನು ಎತ್ತಿ ಬಿಸಿಲಿಗೆ ಹಿಡಿದು, ಒಳಗೆ ಏನಾದರೂ ಉಳಿದಿದೆಯೇ ಅಂತ ನೋಡಿದಳು. ಆಮೇಲೆ ಸುದ್ದಿಯಜ್ಜಿಯ ಮುಖವನ್ನು ನೆಟ್ಟಗೆ ನೋಡಿ ಅಂದಳು:

“ಬಾ, ಕೂತ್ಕೋ, ಕಣ್ತುಂಬ ನೋಡು, ಊರೆಲ್ಲ ಸಾರು. ಆದ್ರೆ ನಿನಗೆ ಮಾತ್ರ ಒಂದು ತೊಳೇನೂ ಇಲ್ಲ ಕಣೇ. ನನ್ನ ಮದುವೇನ ನಂದೇ ಉಪ್ಪು ಖಾರ ಹಚ್ಕೊಂಡು ಒಬ್ಬಳೇ ತಿಂದು ತೇಗಿದೋಳು ನೀನು.”